ಬೆಳ್ಳಿಯ ಮೇಲಿನ ದೋಷ ಸ್ಥಿತಿಗಳ ಲೆಕ್ಕಕ್ಕೆ ಮೀಪ್: ಒಂದು ಸಾಫ್ಟ್‌ವೇರ್ ವಿಮರ್ಶೆ

ಲೋಹದ ಮೇಲೆ ತೋಡುಗಳನ್ನೋ ಉಬ್ಬುಗಳನ್ನೋ ಸಾಲಾಗಿ ಮಾಡಿದ ಪ್ಲಾಸ್ಮಾನಿಕ್ ಸ್ಫಟಿಕಗಳಲ್ಲಿ, ಆ ಸಾಲಿನ ಕ್ರಮ ತಪ್ಪಿದ ಒಂದೇ ಎಡೆಯಲ್ಲಿ ನೆಲೆನಿಲ್ಲುವ ಅಲೆಗಳಾದ ದೋಷ ಸ್ಥಿತಿಗಳನ್ನು ಅಭ್ಯಾಸ ಮಾಡಬೇಕೆನ್ನುವ ವಿದ್ಯಾರ್ಥಿಗಳಿಗೆ ಕಾಗದದ ಮೇಲಿನ ಲೆಕ್ಕ ಬಹಳ ದೂರ ಜೊತೆ ಕೊಡುವುದಿಲ್ಲ. ಲೋಹದ ಮೇಲೆ ಕೊರೆದ ಒಂದೇ ಒಂದು ತೋಡು ತನ್ನ ಸ್ಥಾನದಿಂದ ಸ್ವಲ್ಪ ಸರಿದರೂ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕೈಯಿಂದ ಬಿಡಿಸುವುದು ಅಸಾಧ್ಯವೆನ್ನುವಷ್ಟು ತೊಡಕಾಗುತ್ತದೆ. ಆದ್ದರಿಂದ ಸಾಫ್ಟ್‌ವೇರ್ ಬೇಕೇ ಬೇಕು. ಈ ಕೆಲಸಕ್ಕಿರುವ ವಾಣಿಜ್ಯ ಸಾಫ್ಟ್‌ವೇರುಗಳ ಲೈಸೆನ್ಸ್ ಶುಲ್ಕವನ್ನು ನಮ್ಮ ಬಹುಪಾಲು ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಭರಿಸಲಾರವು. ಹಾಗಾಗಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ, ಜಿಎನ್‌ಯು ಸಾರ್ವಜನಿಕ ಪರವಾನಗಿಯಡಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಬಳಸಬಹುದಾದ, ಬೇಕೆಂದರೆ ಒಳಗಿನ ಸಾಲುಗಳನ್ನು ತಿದ್ದಿಕೊಳ್ಳಲೂಬಹುದಾದ ಮೀಪ್ ಎಂಬ ಸಾಫ್ಟ್‌ವೇರನ್ನು ಈ ಒಂದು ಕೆಲಸದ ದೃಷ್ಟಿಯಿಂದಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ದೋಷ ಸ್ಥಿತಿ ಎಂದರೇನು, ಅದರ ಶಕ್ತಿ ಎಲ್ಲೆಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಬಿಡಿಸಿ ತೋರಿಸುವುದರಲ್ಲಿ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಆದರೆ ಪ್ಲಾಸ್ಮಾನ್ ಎಂಬ ಅಲೆ ಬದುಕುವುದೇ ಲೋಹದ ಅಂಚಿನಲ್ಲಿ, ಮೀಪ್‌ನ ನಿಖರತೆ ಅತ್ಯಂತ ಕಡಿಮೆಯಾಗುವುದೂ ಅದೇ ಅಂಚಿನಲ್ಲಿ. ಈ ಸಂಗತಿಯನ್ನು ಅರಿಯದೆ ಬಳಸಿದರೆ ಬರುವ ಉತ್ತರಗಳನ್ನು ನಂಬುವಂತಿಲ್ಲ.

ಲೆಕ್ಕ ಹಾಕಬೇಕಾದ ವಸ್ತು ಯಾವುದೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಬೆಳ್ಳಿ ಅಥವಾ ಚಿನ್ನದ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳ ಸಾಮೂಹಿಕ ಓಲಾಟ ಮತ್ತು ಬೆಳಕು ಒಂದಕ್ಕೊಂದು ಬೆಸೆದುಕೊಂಡು, ಮೇಲ್ಮೈಗೆ ಅಂಟಿಕೊಂಡಂತೆ ಸಾಗುವ ಅಲೆಯೇ ಮೇಲ್ಮೈ ಪ್ಲಾಸ್ಮಾನ್. ಆ ಮೇಲ್ಮೈಯಲ್ಲಿ ಅಲೆಯ ತರಂಗದೂರದ ಅರ್ಧದಷ್ಟು ಅಂತರದಲ್ಲಿ ತೋಡುಗಳನ್ನೋ ಉಬ್ಬುಗಳನ್ನೋ ಸಾಲಾಗಿ ಮಾಡಿದರೆ, ಒಂದೊಂದರಿಂದಲೂ ಹಿಂದಕ್ಕೆ ಚದುರಿದ ಅಲೆಗಳು ಒಂದುಗೂಡಿ ಕೆಲವು ಆವೃತ್ತಿಗಳ ಅಲೆಗಳನ್ನು ಮುಂದೆ ಹೋಗಗೊಡುವುದಿಲ್ಲ. ಹೀಗೆ ತಡೆಯಲ್ಪಟ್ಟ ಆವೃತ್ತಿಗಳ ವಲಯಕ್ಕೆ ಪಟ್ಟಿ ಅಂತರವೆಂದೂ ಅಂಥ ರಚನೆಗೆ ಪ್ಲಾಸ್ಮಾನಿಕ್ ಸ್ಫಟಿಕವೆಂದೂ ಹೆಸರು. ಗಾಜಿನಂಥ, ಲೋಹವಲ್ಲದ ಡೈಎಲೆಕ್ಟ್ರಿಕ್ ರಚನೆಗಳಲ್ಲಿ ಬೆಳಕಿಗೆ ಇಂಥ ಅಂತರವನ್ನು ಉಂಟುಮಾಡಬಹುದೆಂದು ಎಲಿ ಯಾಬ್ಲೊನೊವಿಚ್ ಮತ್ತು ಸಾಜೀವ್ ಜಾನ್ 1987ರಲ್ಲಿ ಬೇರೆಬೇರೆಯಾಗಿ ತೋರಿಸಿದ್ದರು. ಲೋಹದ ಮೇಲ್ಮೈಯಲ್ಲಿ ಎಲ್ಲ ದಿಕ್ಕುಗಳಲ್ಲೂ ಪ್ಲಾಸ್ಮಾನುಗಳನ್ನು ತಡೆಯುವ ಪೂರ್ಣ ಅಂತರವನ್ನು, ಅದೂ ಕಣ್ಣಿಗೆ ಕಾಣುವ ಬೆಳಕಿನ ವಲಯದಲ್ಲಿ, 1996ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕಿಟ್ಸನ್, ಬಾರ್ನ್ಸ್ ಮತ್ತು ಸ್ಯಾಂಬಲ್ಸ್ ಪ್ರಯೋಗದಿಂದ ಸಾಧಿಸಿದರು. ಅವರ ಬೆಳ್ಳಿಯ ಮೇಲ್ಮೈಯಲ್ಲಿ ಉಬ್ಬುಗಳು ಷಟ್ಕೋನ ಜಾಲಕವಾಗಿ ಹರಡಿದ್ದವು.

ಇಂಥ ಕ್ರಮಬದ್ಧ ಸಾಲಿನಲ್ಲಿ ಒಂದು ಕಡೆ ಕ್ರಮ ತಪ್ಪಿಸಿದಾಗ ಹುಟ್ಟುವುದು ದೋಷ ಸ್ಥಿತಿ. ಎರಡು ತೋಡುಗಳ ನಡುವಣ ಅಂತರವನ್ನು ಮಾತ್ರ ಹೆಚ್ಚಿಸಬಹುದು, ಒಂದು ತೋಡನ್ನು ಮುಚ್ಚಬಹುದು, ಒಂದರ ಆಳವನ್ನು ಬದಲಿಸಬಹುದು. ಪಟ್ಟಿ ಅಂತರದ ಒಳಗಿನ ಯಾವುದೋ ಒಂದು ಆವೃತ್ತಿಯ ಅಲೆ ಆ ಜಾಗದಲ್ಲಿ ಇರಬಲ್ಲದು; ಎಡಬಲದ ಸ್ಫಟಿಕ ಅದನ್ನು ಹೊರಗೆ ಬಿಡದಿರುವುದರಿಂದ ಅದು ಅಲ್ಲಿಯೇ ಉಳಿಯುತ್ತದೆ, ದೂರ ಸರಿದಂತೆ ಘಾತೀಯವಾಗಿ ಕ್ಷೀಣಿಸುತ್ತದೆ. ಒಂದು ಬಿಂದುವಿನಲ್ಲಿ ಕ್ರಮ ತಪ್ಪಿಸುವ ಬದಲು ಒಂದು ಸಾಲನ್ನೇ ತೆಗೆದುಹಾಕಿದರೆ ಅಲೆ ಆ ಓಣಿಯಲ್ಲಿ ಮಾತ್ರ ಸಾಗುತ್ತದೆ. ಚಿನ್ನದ ಮೇಲ್ಮೈಯಲ್ಲಿ ಹೀಗೆ ದಾರಿ ತೋರಿಸಿದ ಪ್ರಯೋಗವನ್ನು ಬೊಝೆವೊಲ್ನಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು.

ಮೀಪ್ ಈ ಸಮಸ್ಯೆಯನ್ನು ಕಾಲದ ಮೂಲಕ ಬಿಡಿಸುತ್ತದೆ. ರಚನೆ ಇರುವ ಜಾಗವನ್ನು ಸಣ್ಣ ಚೌಕಗಳ ಜಾಲಕವಾಗಿ ಕತ್ತರಿಸಿ, ವಿದ್ಯುತ್ ಕ್ಷೇತ್ರ ಮತ್ತು ಕಾಂತ ಕ್ಷೇತ್ರಗಳನ್ನು ಪುಟ್ಟ ಪುಟ್ಟ ಕಾಲಹೆಜ್ಜೆಗಳಲ್ಲಿ ಒಂದಾದ ಮೇಲೊಂದರಂತೆ ಮುಂದಕ್ಕೆ ಸಾಗಿಸುತ್ತದೆ. ಎಫ್‌ಡಿಟಿಡಿ (ಫೈನೈಟ್ ಡಿಫರೆನ್ಸ್ ಟೈಮ್ ಡೊಮೇನ್) ಎಂದು ಕರೆಯಲಾಗುವ ಈ ವಿಧಾನ ಹಳೆಯದು. ಕೇನ್ ಯೀ 1966ರಲ್ಲಿ ರೂಪಿಸಿದ ಜಾಲಕವೇ ಇಂದಿಗೂ ಇದರ ಬುನಾದಿ. ಜಾನ್ ಜೊಆನೊಪೊಲಸ್ ಮತ್ತು ಸ್ಟೀವನ್ ಜಾನ್ಸನ್ ಅವರ ಬಳಗ ಕಟ್ಟಿದ ಮೀಪ್‌ನ ವಿವರವಾದ ಪ್ರಬಂಧ 2010ರಲ್ಲಿ ಪ್ರಕಟವಾಯಿತು. ಮೊದಲಿಗೆ ಸ್ಕೀಮ್ ಭಾಷೆಯಲ್ಲಿ ನಿರ್ದೇಶನ ಬರೆಯಬೇಕಿತ್ತು. ಈಗ ಪೈತಾನ್ ಸಾಕು, ಆದ್ದರಿಂದ ಪದವಿ ತರಗತಿಯಲ್ಲಿ ಪೈತಾನ್ ಕಲಿತ ಯಾರೂ ಹೆದರಬೇಕಾಗಿಲ್ಲ. ಲಿನಕ್ಸ್ ಅಥವಾ ಮ್ಯಾಕ್ ಕಂಪ್ಯೂಟರಿನಲ್ಲಿ ಕಾಂಡಾ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಒಂದೇ ಆದೇಶದಲ್ಲಿ ಇನ್‌ಸ್ಟಾಲ್ ಆಗುತ್ತದೆ. ವಿಂಡೋಸ್ ಬಳಸುವವರು ಅದರೊಳಗೆ ಲಿನಕ್ಸ್ ಪರಿಸರವನ್ನು ಹೂಡಿಕೊಳ್ಳಬೇಕು. ಕಾಲೇಜಿನ ಲ್ಯಾಬುಗಳಲ್ಲಿ ಇದು ಸಣ್ಣ ಅಡಚಣೆಯಂತೂ ಹೌದು.

ಇದೇ ಬಳಗದ ಇನ್ನೊಂದು ಸಾಫ್ಟ್‌ವೇರ್ ಎಂಪಿಬಿ. ಡೈಎಲೆಕ್ಟ್ರಿಕ್ ವಸ್ತುಗಳಿಂದ ಕಟ್ಟಿದ ಫೋಟಾನಿಕ್ ಸ್ಫಟಿಕಗಳ ಪಟ್ಟಿ ನಕ್ಷೆಯನ್ನು, ಅಂದರೆ ಯಾವ ಆವೃತ್ತಿಯ ಅಲೆಗಳು ಸಾಗಬಲ್ಲವೆಂಬುದರ ಚಿತ್ರವನ್ನು, ಅತ್ಯಂತ ವೇಗವಾಗಿ ಬಿಡಿಸಿಕೊಡುವುದರಿಂದ ಹಲವರು ಮೊದಲು ಅದರತ್ತ ಹೋಗುತ್ತಾರೆ. ಆದರೆ ಆವೃತ್ತಿಯೊಂದಿಗೆ ಗುಣ ಬದಲಾಗದ, ಶಕ್ತಿಯನ್ನು ಹೀರದ ವಸ್ತುಗಳನ್ನಷ್ಟೇ ಅದು ಬಲ್ಲದು. ಬೆಳ್ಳಿಗೆ ಈ ಎರಡು ಲಕ್ಷಣಗಳಲ್ಲಿ ಒಂದೂ ಇಲ್ಲ. ಪ್ಲಾಸ್ಮಾನಿಕ್ ಸ್ಫಟಿಕಕ್ಕೆ ಎಂಪಿಬಿ ನಿರುಪಯುಕ್ತವೆಂದು ಆರಂಭದಲ್ಲೇ ತಿಳಿದಿದ್ದರೆ ಸಮಯ ಉಳಿಯುತ್ತದೆ.

ಈಗ ಒಂದು ನಿಜವಾದ ಲೆಕ್ಕವನ್ನೇ ಹಿಡಿದು ನೋಡೋಣ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು, ಅಂದರೆ 633 ನ್ಯಾನೋಮೀಟರ್ ತರಂಗದೂರ, ಎಲ್ಲ ಲ್ಯಾಬುಗಳಲ್ಲೂ ಸಿಗುವಂಥದ್ದು. ಪಿ. ಬಿ. ಜಾನ್ಸನ್ ಮತ್ತು ಆರ್. ಡಬ್ಲ್ಯು. ಕ್ರಿಸ್ಟಿ 1972ರಲ್ಲಿ ಅಳೆದ ಮೌಲ್ಯಗಳ ಪ್ರಕಾರ ಈ ಬೆಳಕಿಗೆ ಬೆಳ್ಳಿಯ ಪರ್ಮಿಟಿವಿಟಿಯ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಪ್ರಮಾಣದ) ವಾಸ್ತವ ಭಾಗ ಸುಮಾರು ಮೈನಸ್ 18, ಕಾಲ್ಪನಿಕ ಭಾಗ ಸುಮಾರು 0.5. ಇದರಿಂದ ಬೆಳ್ಳಿ ಮತ್ತು ಗಾಳಿಯ ನಡುವಣ ಪ್ಲಾಸ್ಮಾನಿನ ತರಂಗದೂರ ಸುಮಾರು 615 ನ್ಯಾನೋಮೀಟರ್ ಎಂದು ಬರುತ್ತದೆ. ತೋಡುಗಳ ನಡುವಣ ಅಂತರ ಅದರ ಅರ್ಧ, ಅಂದರೆ ಸುಮಾರು 308 ನ್ಯಾನೋಮೀಟರ್ ಇರಬೇಕು. ಗಾಳಿಯಲ್ಲಿ ಕ್ಷೇತ್ರ ಕ್ಷೀಣಿಸಲು ಸುಮಾರು 420 ನ್ಯಾನೋಮೀಟರ್ ದೂರ ಬೇಕು. ಲೋಹದೊಳಗೆ ಅದೇ ಕ್ಷೇತ್ರ 23 ನ್ಯಾನೋಮೀಟರಿನಷ್ಟರಲ್ಲೇ ಕ್ಷೀಣಿಸುತ್ತದೆ. ಈ ಕೊನೆಯ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಜಾಲಕ ಎಷ್ಟು ಸಣ್ಣದಿರಬೇಕೆಂಬುದನ್ನು ನಿರ್ಧರಿಸುವುದು ಅದೇ.

ಬೆಳ್ಳಿಯನ್ನು ಮೀಪ್‌ಗೆ ಪರಿಚಯಿಸಲು ಎರಡು ದಾರಿಗಳಿವೆ. ಜೊತೆಗೇ ಬರುವ ವಸ್ತುಗಳ ಗ್ರಂಥಾಲಯದಲ್ಲಿ ಬೆಳ್ಳಿ, ಚಿನ್ನ, ಅಲ್ಯೂಮಿನಿಯಂ, ತಾಮ್ರ ಮೊದಲಾದ ಲೋಹಗಳಿಗೆ ರಾಕಿಚ್ ಮತ್ತು ಸಂಗಡಿಗರು 1998ರಲ್ಲಿ ಹೊಂದಿಸಿಕೊಟ್ಟ, ಎಲೆಕ್ಟ್ರಾನುಗಳ ಸ್ಪಂದನೆಯನ್ನು ಹಲವು ಪದಗಳ ಸೂತ್ರವಾಗಿ ಹೇಳುವ ಲೊರೆಂಟ್ಸ್-ಡ್ರೂಡ್ ಮಾದರಿಗಳು ಸಿದ್ಧವಾಗಿವೆ. ಒಂದು ಸಾಲಿನಲ್ಲಿ ಕರೆದುಕೊಂಡರೆ ಮುಗಿಯಿತು. ಅದಕ್ಕಿಂತ, ನಮಗೆ ಬೇಕಾದ ಕಿರಿದಾದ ಆವೃತ್ತಿ ವಲಯಕ್ಕೆ ಮಾತ್ರ ಹೊಂದುವ ಒಂದೇ ಡ್ರೂಡ್ ಪದವನ್ನು (ಸ್ವತಂತ್ರ ಎಲೆಕ್ಟ್ರಾನುಗಳ ಪದವನ್ನು) ನಾವೇ ಬರೆದುಕೊಳ್ಳುವುದು ಮೇಲೆಂದು ನಾನು ಭಾವಿಸುತ್ತೇನೆ. ಬೆಳ್ಳಿಯ ಪ್ರಕಟಿತ ಕೋಷ್ಟಕಗಳು ವಾಸ್ತವ ಭಾಗದಲ್ಲಿ ತಕ್ಕಮಟ್ಟಿಗೆ ಒಪ್ಪುತ್ತವೆಯಾದರೂ ಕಾಲ್ಪನಿಕ ಭಾಗದಲ್ಲಿ, ಅಂದರೆ ಹೀರಿಕೆಯಲ್ಲಿ, ಸಾಕಷ್ಟು ಭಿನ್ನವಾಗಿವೆ. ದೋಷ ಸ್ಥಿತಿಯ ಆಯಸ್ಸನ್ನು ನಿರ್ಧರಿಸುವುದೇ ಹೀರಿಕೆಯಾದ್ದರಿಂದ, ಯಾವ ಕೋಷ್ಟಕವನ್ನು ಆರಿಸಿಕೊಂಡೆವೆಂಬುದನ್ನು ಪ್ರಬಂಧದಲ್ಲಿ ಹೇಳದಿದ್ದರೆ ಆ ಪ್ರಬಂಧದ ಅಂಕಿಗಳಿಗೆ ಅರ್ಥವಿರುವುದಿಲ್ಲ. ಇಲ್ಲಿ ಹೊಸಬರು ಎಡವುವುದು ಮಾನದಲ್ಲಿ. ಮೀಪ್‌ನಲ್ಲಿ ಬೆಳಕಿನ ವೇಗ 1. ಉದ್ದದ ಮಾನ ಮೈಕ್ರೋಮೀಟರ್ ಎಂದಿಟ್ಟುಕೊಂಡರೆ ಆವೃತ್ತಿಯೆಂದರೆ ತರಂಗದೂರದ ವಿಲೋಮ, ಆದ್ದರಿಂದ 633 ನ್ಯಾನೋಮೀಟರ್ ಬೆಳಕು ಸುಮಾರು 1.58 ಎಂದಾಗುತ್ತದೆ. ಪುಸ್ತಕಗಳಲ್ಲಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಕೊಟ್ಟಿರುವ ಪ್ಲಾಸ್ಮಾ ಆವೃತ್ತಿಯನ್ನೂ ಹೀರಿಕೆಯನ್ನು ನಿರ್ಧರಿಸುವ ಡ್ರೂಡ್ ಕ್ಷಯಾಂಕವನ್ನೂ 1.23984ರಿಂದ ಭಾಗಿಸಿಯೇ ಬರೆಯಬೇಕು.

ಬೆಳ್ಳಿಯ ಮೇಲ್ಮೈಯಲ್ಲಿ 20 ನ್ಯಾನೋಮೀಟರ್ ಆಳದ ತೋಡುಗಳ ಸಾಲನ್ನು ಬರೆದು, ನಟ್ಟನಡುವಿನ ಎರಡು ತೋಡುಗಳ ಅಂತರವನ್ನು ಮಾತ್ರ ಹಿಗ್ಗಿಸಿದರೆ ನಮ್ಮ ದೋಷ ಸಿದ್ಧ. ಕಾಂತ ಕ್ಷೇತ್ರದ ಒಂದು ಚಿಕ್ಕ ಸ್ಪಂದವನ್ನು ಮೇಲ್ಮೈಗಿಂತ ಸ್ವಲ್ಪ ಮೇಲೆ ಇಡಬೇಕು. ರಚನೆ ಎಡಬಲಗಳಲ್ಲಿ ಒಂದೇ ಆಗಿರುವುದರಿಂದ ಸಮ್ಮಿತಿಯನ್ನು ಘೋಷಿಸಿ ಅರ್ಧ ಲೆಕ್ಕವನ್ನು ಉಳಿಸಬಹುದು. ಆದರೆ ಕಾಂತ ಕ್ಷೇತ್ರ ಮಿಥ್ಯಾಸದಿಶ, ಅಂದರೆ ಕನ್ನಡಿಯಲ್ಲಿ ಪ್ರತಿಫಲಿಸಿದಾಗ ಹೆಚ್ಚುವರಿಯಾಗಿ ಒಮ್ಮೆ ಚಿಹ್ನೆ ಬದಲಿಸುವಂಥದ್ದು, ಆದ್ದರಿಂದ ಕಣ್ಣಿಗೆ ಎಡಬಲ ಒಂದೇ ಚಿಹ್ನೆಯಲ್ಲಿ ಕಾಣುವ ಕ್ಷೇತ್ರಕ್ಕೆ ಸಮ್ಮಿತಿಯ ಗುಣಕವನ್ನು ಮೈನಸ್ 1 ಎಂದು ಕೊಡಬೇಕು. ಇದನ್ನು ಪ್ಲಸ್ 1 ಎಂದು ಕೊಟ್ಟರೆ ಮೀಪ್ ಎಚ್ಚರಿಸುವುದಿಲ್ಲ; ನಾವು ಹುಡುಕುತ್ತಿರುವ ಸ್ಥಿತಿ ಸುಮ್ಮನೆ ಕಾಣೆಯಾಗುತ್ತದೆ. ಸ್ಪಂದ ಮುಗಿದ ಮೇಲೆ ಅಲ್ಲೇ ಉಳಿದ ಕ್ಷೇತ್ರದ ಮಿಡಿತವನ್ನು ಹಾರ್ಮಿನ್ವ್ ಎಂಬ ಉಪಕರಣ ಓದುತ್ತದೆ. ಮ್ಯಾಂಡೆಲ್‌ಶ್ಟಾಮ್ ಮತ್ತು ಟೇಲರ್ ಅವರ ಗಣಿತ ವಿಧಾನವನ್ನು ಆಧರಿಸಿದ ಈ ಉಪಕರಣ ನನ್ನ ಮಟ್ಟಿಗೆ ಮೀಪ್‌ನ ಅತ್ಯುತ್ತಮ ಅಂಗ. ಸಾಮಾನ್ಯ ಫೂರಿಯರ್ ರೂಪಾಂತರದಲ್ಲಿ ಎರಡು ಸಮೀಪದ ಶಿಖರಗಳನ್ನು ಬೇರ್ಪಡಿಸಬೇಕಾದರೆ ಬಹಳ ಹೊತ್ತು ಓಡಿಸಬೇಕು. ಹಾರ್ಮಿನ್ವ್ ಸಂಕೇತವನ್ನು ಕ್ಷೀಣಿಸುವ ಮಿಡಿತಗಳ ಮೊತ್ತವೆಂದು ಪರಿಗಣಿಸಿ, ಒಂದೊಂದು ಸ್ಥಿತಿಗೂ ಒಂದೊಂದು ಸಾಲನ್ನು ಕೊಡುತ್ತದೆ: ಮೊದಲು ಆವೃತ್ತಿ, ಆಮೇಲೆ ಅದರ ಕಾಲ್ಪನಿಕ ಭಾಗ, ಬಳಿಕ ಶಕ್ತಿ ಎಷ್ಟು ಆವರ್ತಗಳ ಕಾಲ ಉಳಿಯುತ್ತದೆಂದು ಹೇಳುವ ಗುಣಾಂಕ ಕ್ಯೂ, ಅನಂತರ ಪಾರ (ಮಿಡಿತದ ಎತ್ತರ), ಕೊನೆಯಲ್ಲಿ ಈ ಅಂಕಿಗಳು ಎಷ್ಟು ನಂಬಿಕೆಗೆ ಅರ್ಹವೆಂಬುದರ ಅಂದಾಜು. ಆ ಕೊನೆಯ ಅಂಕಣವನ್ನು ನೋಡದೆ ಕ್ಯೂ ಮಾತ್ರ ಬರೆದುಕೊಳ್ಳುವವರೇ ಹೆಚ್ಚು. ಲೋಹದ ರಚನೆಗಳಲ್ಲಿ ಬೇಗನೆ ಸಾಯುವ ಎಷ್ಟೋ ಮಿಡಿತಗಳು ಈ ಪಟ್ಟಿಯಲ್ಲಿ ಸೇರಿಕೊಳ್ಳುವುದರಿಂದ, ಕೊನೆಯ ಅಂಕಣದ ತಪ್ಪಿನ ಅಂದಾಜು ದೊಡ್ಡದಿರುವ ಸಾಲುಗಳನ್ನು ಮೊದಲೇ ತೆಗೆದುಹಾಕುವುದು ಕ್ಷೇಮ.

ಹೀಗೆ ದೊರೆತ ಸ್ಥಿತಿ ನಿಜಕ್ಕೂ ದೋಷ ಸ್ಥಿತಿಯೇ ಎಂದು ಖಚಿತಪಡಿಸಿಕೊಳ್ಳುವ ವಿಧಾನವೂ ಮೀಪ್‌ನಲ್ಲಿ ಸುಲಭ. ಒಂದೇ ಒಂದು ತೋಡಿನ ಕೋಶವನ್ನು ತೆಗೆದುಕೊಂಡು ಬ್ಲಾಕ್ (Bloch) ಆವರ್ತಕ ಗಡಿಯನ್ನು, ಅಂದರೆ ಆ ಕೋಶ ಎರಡೂ ಬದಿಗೆ ಅಂತ್ಯವಿಲ್ಲದೆ ಮರುಕಳಿಸುತ್ತದೆಂಬ ಷರತ್ತನ್ನು, ವಿಧಿಸಿ, ತರಂಗ ಸದಿಶವನ್ನು ಸೊನ್ನೆಯಿಂದ ಬ್ರಿಲ್ವಾ ವಲಯದ ಅಂಚಿನವರೆಗೆ (ತರಂಗದೂರ ತೋಡುಗಳ ಅಂತರದ ಎರಡರಷ್ಟಾಗುವವರೆಗೆ) ಹೆಜ್ಜೆಹೆಜ್ಜೆಯಾಗಿ ಬದಲಿಸಿದರೆ ಪಟ್ಟಿ ನಕ್ಷೆ ಬರುತ್ತದೆ. ಅಂಚಿನಲ್ಲಿ ಎರಡು ಪಟ್ಟಿಗಳ ನಡುವೆ ಅಂತರ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂದು ಓದಿಕೊಂಡು, ದೋಷವಿರುವ ರಚನೆಯಲ್ಲಿ ಸಿಕ್ಕ ಆವೃತ್ತಿ ಅದರೊಳಗೆ ಬಿದ್ದಿದೆಯೇ ಎಂದು ನೋಡಬೇಕು. ನಡುವಿನ ಎರಡು ತೋಡುಗಳನ್ನು ಸ್ವಲ್ಪಸ್ವಲ್ಪವಾಗಿ ದೂರ ಸರಿಸುತ್ತ ಹೋದಾಗ ಸ್ಥಿತಿ ಮೇಲಿನ ಪಟ್ಟಿಯಿಂದ ಇಳಿದು ಪಟ್ಟಿ ಅಂತರದೊಳಕ್ಕೆ ಪ್ರವೇಶಿಸಿ, ನಡುಭಾಗವನ್ನು ಹಾದು ಕೆಳಗಿನ ಪಟ್ಟಿಯತ್ತ ಜಾರುತ್ತದೆ. ಅಂತರದ ನಡುಭಾಗದಲ್ಲಿದ್ದಾಗ ಕ್ಷೇತ್ರ ಅತ್ಯಂತ ಬಿಗಿಯಾಗಿ ದೋಷದ ಸುತ್ತಲೇ ಇರುತ್ತದೆ. ಅಂಚುಗಳ ಬಳಿ ಅದು ಹಲವು ತೋಡುಗಳಾಚೆಗೂ ಹರಡಿಕೊಳ್ಳುತ್ತದೆ. ಕ್ಷೇತ್ರದ ಚಿತ್ರಗಳನ್ನು ಸಾಲಾಗಿ ಇಟ್ಟು ಈ ಚಲನೆಯನ್ನು ನೋಡಿದ ವಿದ್ಯಾರ್ಥಿಗಳಿಗೆ ಪಟ್ಟಿ ಅಂತರದ ಕಲ್ಪನೆಯನ್ನು ಬೇರೆಯಾಗಿ ವಿವರಿಸಬೇಕಾದ ಅಗತ್ಯ ಬೀಳುವುದಿಲ್ಲ.

ಇಲ್ಲಿಯವರೆಗೆ ಮೆಚ್ಚುಗೆಯೇ. ಇನ್ನು ತೊಂದರೆಯ ಭಾಗಕ್ಕೆ ಬರುತ್ತೇನೆ. ಡೈಎಲೆಕ್ಟ್ರಿಕ್ ವಸ್ತುವಿನ ಅಂಚು ಒಂದು ಚೌಕದ ನಡುವೆ ಹಾದುಹೋದರೆ, ಆ ಚೌಕದ ಪರ್ಮಿಟಿವಿಟಿಯನ್ನು ದಿಕ್ಕಿಗೆ ತಕ್ಕಂತೆ ಸರಾಸರಿ ಮಾಡಿ ಅಂಚನ್ನು ನಯಗೊಳಿಸುವ ವ್ಯವಸ್ಥೆ ಮೀಪ್‌ನಲ್ಲಿದೆ. ಅದರ ದೆಸೆಯಿಂದ ಜಾಲಕವನ್ನು ಎರಡು ಪಟ್ಟು ಸಣ್ಣದಾಗಿಸಿದರೆ ತಪ್ಪು ನಾಲ್ಕು ಪಟ್ಟು ಇಳಿಯುತ್ತದೆ. ಆದರೆ ಆವೃತ್ತಿಯೊಂದಿಗೆ ಬದಲಾಗದ ಭಾಗಕ್ಕೆ ಮಾತ್ರ ಈ ನಯಗೊಳಿಕೆ ಅನ್ವಯಿಸುತ್ತದೆ. ಲೋಹವನ್ನು ಲೋಹವಾಗಿಸುವ ಡ್ರೂಡ್ ಪದಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಬೆಳ್ಳಿಯ ಅಂಚು ಮೆಟ್ಟಿಲುಮೆಟ್ಟಿಲಾಗಿಯೇ ಉಳಿಯುತ್ತದೆ, ಜಾಲಕ ಎರಡು ಪಟ್ಟು ಸಣ್ಣದಾದರೂ ತಪ್ಪು ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಗುಂಡನೆಯ ಉಬ್ಬುಗಳಿದ್ದರಂತೂ ಪ್ರತಿ ಮೆಟ್ಟಿಲಿನ ಮೂಲೆಯಲ್ಲೂ ಕ್ಷೇತ್ರ ಕೃತಕವಾಗಿ ಹೆಚ್ಚಿಕೊಂಡು, ಇಲ್ಲದ ಹೊಳಪಿನ ಚುಕ್ಕೆಗಳು ಚಿತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಅಂಥ ಚುಕ್ಕೆಗಳನ್ನು ತೋರಿಸಿ ಕ್ಷೇತ್ರ ಇಷ್ಟು ಪಟ್ಟು ಹೆಚ್ಚಿತೆಂದು ಹೇಳುವುದು ಈ ಕ್ಷೇತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸುವ ಅಭ್ಯಾಸ.

ಆಯತಾಕಾರದ ತೋಡುಗಳಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಗೋಡೆಗಳನ್ನು ಜಾಲಕದ ರೇಖೆಗಳ ಮೇಲೆಯೇ ಬೀಳುವಂತೆ ಅಳತೆಗಳನ್ನು ಆರಿಸಿಕೊಳ್ಳಬಹುದು, ಚೂಪಾದ ಮೂಲೆಗಳಿಗೆ ಪ್ರಯೋಗಾಲಯದಲ್ಲಿ ನಿಜಕ್ಕೂ ಬರುವಂಥ ಕೆಲವು ನ್ಯಾನೋಮೀಟರಿನ ದುಂಡಗಿನ ಅಂಚನ್ನು ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ರಚನೆಯನ್ನು ಮೈಕ್ರೋಮೀಟರಿಗೆ 250, 500 ಮತ್ತು 1000 ಚೌಕಗಳಂತೆ, ಅಂದರೆ 4, 2 ಮತ್ತು 1 ನ್ಯಾನೋಮೀಟರಿನ ಜಾಲಕಗಳಲ್ಲಿ, ಮೂರು ಸಲ ಓಡಿಸಿ, ಬಂದ ಆವೃತ್ತಿಗಳನ್ನು ಚೌಕದ ಅಳತೆಗೆ ಎದುರಾಗಿ ನಕ್ಷೆಯಲ್ಲಿ ಗುರುತಿಸಬೇಕು. ಮೂರೂ ಬಿಂದುಗಳು ಸರಿಸುಮಾರು ಒಂದು ಸರಳರೇಖೆಯಲ್ಲಿ ಬಿದ್ದರೆ ಆ ರೇಖೆಯನ್ನು ಸೊನ್ನೆಯವರೆಗೆ ಎಳೆದು ಸಿಗುವ ಮೌಲ್ಯವೇ ಉತ್ತರ. ನಾಲ್ಕು ನ್ಯಾನೋಮೀಟರಿನ ಜಾಲಕದಲ್ಲಿ 20 ನ್ಯಾನೋಮೀಟರ್ ಆಳದ ತೋಡಿಗೆ ಸಿಗುವುದು ಐದೇ ಚೌಕಗಳು, ಲೋಹದೊಳಗೆ ಕ್ಷೇತ್ರ ಕ್ಷೀಣಿಸುವ 23 ನ್ಯಾನೋಮೀಟರಿಗೆ ಆರಕ್ಕಿಂತ ಕಡಿಮೆ. ಇದರಲ್ಲಿ ಬಂದ ಉತ್ತರವನ್ನು ಹಾಗೆಯೇ ಪ್ರಕಟಿಸುವುದು ತರವಲ್ಲ. ಇನ್ನೂ ಒರಟಾಗಿ, ಮೈಕ್ರೋಮೀಟರಿಗೆ 20 ಚೌಕಗಳಂತೆ ಗ್ರಂಥಾಲಯದ ಬೆಳ್ಳಿಯನ್ನು ಬಳಸಿದರೆ, ಅದರ ಮಾದರಿಯಲ್ಲಿರುವ ಅತಿನೇರಳೆಯ ಪದಗಳಿಗೆ ಕಾಲಹೆಜ್ಜೆ ತೀರ ದೊಡ್ಡದಾಗಿ ಕ್ಷೇತ್ರ ಮಿತಿಮೀರಿ ಬೆಳೆದು ಲೆಕ್ಕವೇ ಮುರಿದುಬೀಳಬಹುದು.

ಎರಡು ಆಯಾಮಗಳಲ್ಲಿ ಈ ಪರೀಕ್ಷೆಗೆ ಸಾಮಾನ್ಯ ಡೆಸ್ಕ್‌ಟಾಪ್ ಸಾಕು. ಆರು ಮೈಕ್ರೋಮೀಟರ್ ಅಗಲ, ಎರಡು ಮೈಕ್ರೋಮೀಟರ್ ಎತ್ತರದ ಕೋಶ ಒಂದು ನ್ಯಾನೋಮೀಟರಿನ ಜಾಲಕದಲ್ಲಿ 1.2 ಕೋಟಿ ಚೌಕಗಳಾಗುತ್ತದೆ; ಕೆಲವು ಗಿಗಾಬೈಟ್ ಮೆಮೊರಿಯಲ್ಲಿ ಅದು ಹಿಡಿಯುತ್ತದೆ. ಮೂರು ಆಯಾಮಗಳ ಮಾತೇ ಬೇರೆ. ಷಟ್ಕೋನ ಜಾಲಕದಲ್ಲಿ ಒಂದು ಉಬ್ಬನ್ನು ಬಿಟ್ಟು ಮಾಡಿದ ದೋಷಕ್ಕಾಗಿ ಮೂರು ಮೈಕ್ರೋಮೀಟರ್ ಚದರ, ಒಂದೂವರೆ ಮೈಕ್ರೋಮೀಟರ್ ಎತ್ತರದ ಕೋಶವನ್ನು ಎರಡು ನ್ಯಾನೋಮೀಟರಿನ ಜಾಲಕದಲ್ಲಿ ಇಟ್ಟರೆ ಸುಮಾರು 170 ಕೋಟಿ ಘನಗಳಾಗುತ್ತವೆ, ಮೆಮೊರಿ ನೂರಾರು ಗಿಗಾಬೈಟ್ ಬೇಕಾಗುತ್ತದೆ. ಜಾಲಕವನ್ನು ಇನ್ನೊಮ್ಮೆ ಅರ್ಧಕ್ಕಿಳಿಸಿದರೆ ಮೆಮೊರಿ ಎಂಟು ಪಟ್ಟು, ಸಮಯ ಹದಿನಾರು ಪಟ್ಟು. ಹಲವು ಕಂಪ್ಯೂಟರುಗಳಿಗೆ ಲೆಕ್ಕವನ್ನು ಹಂಚುವ ಎಂಪಿಐ ವ್ಯವಸ್ಥೆ ಮೀಪ್‌ನಲ್ಲಿ ಚೆನ್ನಾಗಿದೆ. ಇಡೀ ಕೋಶಕ್ಕೆ ಒಂದೇ ಅಳತೆಯ ಜಾಲಕವನ್ನು ಕಡ್ಡಾಯ ಮಾಡುವುದು ಮಾತ್ರ ಲೋಹದ ಕೆಲಸಕ್ಕೆ ದುಬಾರಿ: ಅಂಚಿನ 23 ನ್ಯಾನೋಮೀಟರಿಗಾಗಿ ಗಾಳಿಯ ಸಾವಿರ ನ್ಯಾನೋಮೀಟರನ್ನೂ ಅಷ್ಟೇ ಸಣ್ಣಗೆ ಕತ್ತರಿಸಬೇಕಾಗುತ್ತದೆ. ಅಂಚಿನ ಆಕಾರಕ್ಕೆ ತಕ್ಕಂತೆ ತ್ರಿಕೋನಗಳಾಗಿ ಜಾಗವನ್ನು ಕತ್ತರಿಸುವ ಕಾಮ್ಸಾಲ್‌ನಂಥ ಪರಿಮಿತ ಘಟಕ ಸಾಫ್ಟ್‌ವೇರುಗಳು ಈ ಒಂದು ವಿಷಯದಲ್ಲಿ ಸ್ಪಷ್ಟವಾಗಿ ಮುಂದಿವೆ. ಮೂರು ಆಯಾಮಗಳ ದುಂಡನೆಯ ಉಬ್ಬುಗಳೇ ನಿಮ್ಮ ವಿಷಯವಾಗಿದ್ದು ಅಂಥ ಲೈಸೆನ್ಸ್ ಎಲ್ಲಾದರೂ ದೊರೆಯುವಂತಿದ್ದರೆ ಅದನ್ನೇ ಬಳಸಿರೆಂದು ಹೇಳುತ್ತೇನೆ.

ಗಡಿಗಳ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಕೋಶದ ಅಂಚಿಗೆ ಬಂದ ಅಲೆ ಹಿಂದಿರುಗದಂತೆ ನುಂಗಿಕೊಳ್ಳಲು ಮೀಪ್ ಪಿಎಂಎಲ್ ಎಂಬ ಪದರವನ್ನು ಒದಗಿಸುತ್ತದೆ. ತೋಡುಗಳ ಸಾಲು ಆ ಪದರದೊಳಕ್ಕೂ ಮುಂದುವರಿದರೆ ಅದು ಪ್ರತಿಫಲನವಿಲ್ಲದ ಪದರವಾಗಿ ಉಳಿಯುವುದಿಲ್ಲ. ತೆಳುವಾದ ಲೋಹಪದರಗಳ ನಡುವೆ ಹುಟ್ಟುವ, ಶಕ್ತಿ ಒಂದು ಕಡೆಗೆ ಹೋಗುತ್ತಿದ್ದರೂ ಹಂತ ಇನ್ನೊಂದು ಕಡೆಗೆ ಸಾಗುವ ಹಿಮ್ಮುಖ ಅಲೆಗಳಂತೂ ಅದರಲ್ಲಿ ಅಳಿಯುವ ಬದಲು ಬೆಳೆಯುತ್ತವೆ. ಇವೆರಡನ್ನೂ ಮೀಪ್ ಕಟ್ಟಿದವರೇ 2008 ಮತ್ತು 2009ರ ಪ್ರಬಂಧಗಳಲ್ಲಿ ತೋರಿಸಿಕೊಟ್ಟಿದ್ದಾರೆ, ಪರಿಹಾರವಾಗಿ ನಿಧಾನವಾಗಿ ಹೀರಿಕೆ ಹೆಚ್ಚುತ್ತ ಹೋಗುವ ಇನ್ನೊಂದು ಬಗೆಯ ಪದರವನ್ನೂ ಕೊಟ್ಟಿದ್ದಾರೆ. ತಮ್ಮ ಸಾಧನ ಎಲ್ಲಿ ಸೋಲುತ್ತದೆಂದು ತಾವೇ ಪ್ರಕಟಿಸುವ ಈ ನಡೆ ನನಗೆ ಬಹಳ ಗೌರವ ಮೂಡಿಸಿದೆ.

ಮೀಪ್ ನಿಜವಾಗಿ ತನ್ನ ಬೆಲೆಯನ್ನು ತೋರಿಸುವುದು ಶಕ್ತಿಯ ನಷ್ಟವನ್ನು ಬೇರ್ಪಡಿಸುವ ಕೆಲಸದಲ್ಲಿ. ದೋಷ ಸ್ಥಿತಿಯ ಶಕ್ತಿ ಮೂರು ದಾರಿಗಳಲ್ಲಿ ಹೋಗುತ್ತದೆ: ಬೆಳ್ಳಿ ಅದನ್ನು ಹೀರಿ ಶಾಖವಾಗಿಸುತ್ತದೆ, ಮೇಲ್ಮೈಯಿಂದ ಗಾಳಿಗೆ ವಿಕಿರಣವಾಗಿ ಹಾರಿಹೋಗುತ್ತದೆ, ಎಡಬಲದ ತೋಡುಗಳ ಸಾಲನ್ನು ದಾಟಿ ಸೋರುತ್ತದೆ. ಮೂರರ ವಿಲೋಮ ಕ್ಯೂಗಳನ್ನು ಕೂಡಿಸಿದರೆ ಒಟ್ಟು ಕ್ಯೂವಿನ ವಿಲೋಮ ಬರುತ್ತದೆ. ಬೆಳ್ಳಿಯ ಡ್ರೂಡ್ ಪದದಲ್ಲಿ ಕ್ಷಯಾಂಕವನ್ನು ಸೊನ್ನೆ ಮಾಡಿ ಅದೇ ಕಡತವನ್ನು ಮತ್ತೊಮ್ಮೆ ಓಡಿಸಿದರೆ ಹೀರಿಕೆ ಮಾಯವಾಗಿ ಉಳಿದೆರಡು ಮಾತ್ರ ಕಾಣುತ್ತವೆ. ಎರಡು ಉತ್ತರಗಳ ವಿಲೋಮಗಳ ವ್ಯತ್ಯಾಸವೇ ಹೀರಿಕೆಯ ಪಾಲು. ಪ್ರಯೋಗದಲ್ಲಿ ಯಾರೂ ಮಾಡಲಾಗದ ಈ ಪರೀಕ್ಷೆಗೆ ಇಲ್ಲಿ ಒಂದು ಸಂಖ್ಯೆಯನ್ನು ಬದಲಿಸಿದರೆ ಸಾಕು. ಗ್ರಂಥಾಲಯದ ಹಲವು ಪದಗಳ ಮಾದರಿಗಿಂತ ನಮ್ಮದೇ ಒಂದು ಪದದ ಮಾದರಿ ಮೇಲೆಂದು ಹಿಂದೆ ಹೇಳಿದ್ದಕ್ಕೆ ಇದೇ ಮುಖ್ಯ ಕಾರಣ.

ಈ ಲೆಕ್ಕದಿಂದ ಹೊರಬರುವ ಪಾಠ ಡೈಎಲೆಕ್ಟ್ರಿಕ್ ಸ್ಫಟಿಕಗಳದ್ದಕ್ಕಿಂತ ಭಿನ್ನ. ಕ್ಯೋಟೊದ ಸುಸುಮು ನೊದಾ ಅವರ ಬಳಗ 2003ರಲ್ಲಿ ಸಿಲಿಕಾನ್ ಫಲಕದ ದೋಷದ ಎರಡು ತುದಿಗಳ ರಂಧ್ರಗಳನ್ನು ತುಸು ಸರಿಸಿದ ಮಾತ್ರಕ್ಕೆ ಕ್ಯೂವನ್ನು 45,000ಕ್ಕೆ ಏರಿಸಿತು. ಅಲ್ಲಿ ಹೀರಿಕೆ ನಗಣ್ಯವಾದ್ದರಿಂದ ವಿಕಿರಣವನ್ನು ತಗ್ಗಿಸಿದಷ್ಟೂ ಲಾಭ. ಬೆಳ್ಳಿಯ ಮೇಲೆ ಹಾಗಲ್ಲ: ಜಾನ್ಸನ್ ಮತ್ತು ಕ್ರಿಸ್ಟಿ ಅವರ ಮೌಲ್ಯಗಳನ್ನಿಟ್ಟು ನೋಡಿದರೆ, ಏನೂ ಕೊರೆಯದ ನಯವಾದ ಮೇಲ್ಮೈಯಲ್ಲಿಯೂ 633 ನ್ಯಾನೋಮೀಟರ್ ಬೆಳಕಿನ ಪ್ಲಾಸ್ಮಾನ್ ಸಾಗುವುದು 60 ಮೈಕ್ರೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ, ಕ್ಯೂವಿನ ಮೇಲ್ಮಿತಿ ಕೆಲವು ನೂರು. ತೋಡುಗಳನ್ನು ಎಷ್ಟು ಹೆಚ್ಚಿಸಿದರೂ, ಅಂಚುಗಳನ್ನು ಎಷ್ಟು ನಾಜೂಕಾಗಿ ಸರಿಸಿದರೂ ಆ ಮಿತಿಯನ್ನು ದಾಟಲಾಗದು. ಎಡಬಲಕ್ಕೆ ತೋಡುಗಳನ್ನು ಒಂದೊಂದಾಗಿ ಸೇರಿಸುತ್ತ ಕ್ಯೂವನ್ನು ಗುರುತಿಸಿದರೆ ಅದು ಮೊದಲು ವೇಗವಾಗಿ ಏರಿ ಆಮೇಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲೆ ಸೇರಿಸಿದ ತೋಡುಗಳೆಲ್ಲ ವ್ಯರ್ಥ. ಹೀಗಿದ್ದೂ ಪ್ಲಾಸ್ಮಾನಿಕ್ ದೋಷ ಸ್ಥಿತಿಗಳಿಗೆ ಮಹತ್ವವಿರುವುದು ಅವು ಬೆಳಕನ್ನು ಬಹಳ ಕಿರಿದಾದ ಜಾಗದಲ್ಲಿ ಹಿಡಿದಿಡುವುದರಿಂದ. ಅಣುವೊಂದು ಅಲ್ಲಿ ಎಷ್ಟು ಪಟ್ಟು ವೇಗವಾಗಿ ಬೆಳಕು ಸೂಸುತ್ತದೆಂದು ತಿಳಿಯಲು ಕ್ಯೂ ಮತ್ತು ಗಾತ್ರಗಳ ಅನುಪಾತವನ್ನು ಬಳಸುವುದು ರೂಢಿ. ಆದರೆ ನಷ್ಟವುಳ್ಳ ಲೋಹದಲ್ಲಿ ಸ್ಥಿತಿಯ ಗಾತ್ರವೆಂದರೇನೆಂಬುದೇ ವಿವಾದದ ವಿಷಯ. ಮೀಪ್ ಆ ಬಿಂದುವಿನಲ್ಲಿಟ್ಟ ಮೂಲ ಹೊರಸೂಸುವ ಶಕ್ತಿಯಿಂದ, ಬೆಳಕು ಸೂಸುವ ಈ ವೇಗವನ್ನು ನಿರ್ಧರಿಸುವ ಸ್ಥಳೀಯ ಸ್ಥಿತಿ ಸಾಂದ್ರತೆಯನ್ನು ನೇರವಾಗಿ ಲೆಕ್ಕ ಹಾಕುವುದರಿಂದ ಈ ವಿವಾದದೊಳಗೆ ಹೋಗದೆಯೇ ಉತ್ತರ ಪಡೆಯಬಹುದು.

ಮೀಪ್ ಹಿಡಿಯಬಾರದ ಕೆಲಸಗಳೂ ಇವೆ. ಲೋಹಗಳ ನಡುವಣ ಸಂದು ಒಂದೆರಡು ನ್ಯಾನೋಮೀಟರಿಗೆ ಇಳಿದಾಗ ಎಲೆಕ್ಟ್ರಾನುಗಳ ಪರಸ್ಪರ ಒತ್ತಡದ ಪರಿಣಾಮವನ್ನು ಇದರ ವಸ್ತು ಮಾದರಿ ಹೇಳಲಾರದು. ಇನ್ನೊಂದು, ಟೆರಾಹರ್ಟ್ಸ್ ವಲಯದ್ದು. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಡಯರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗ್ಯಾಲಿಯಂ ಆರ್ಸೆನೈಡ್ ರಚನೆಯೊಳಗಿನ ತೆಳುವಾದ ಎಲೆಕ್ಟ್ರಾನ್ ಪದರವೇ ಪ್ಲಾಸ್ಮಾನಿಕ್ ಸ್ಫಟಿಕ; ಗೇಟಿನ ವೋಲ್ಟೇಜ್ ಬದಲಿಸಿ ದೋಷ ಸ್ಥಿತಿಯ ಆವೃತ್ತಿಯನ್ನೇ ಬದಲಿಸಿದರು, ಸ್ಫಟಿಕದ ತುದಿಯಲ್ಲಿ ಹುಟ್ಟುವ ಟಾಮ್ ಸ್ಥಿತಿಯೊಂದಿಗೆ ಅದು ಬೆರೆಯುವುದನ್ನು ತೋರಿಸಿದರು. ಕೊರೆದ ತೋಡನ್ನು ಮತ್ತೆ ಬದಲಿಸಲಾಗದು, ವೋಲ್ಟೇಜನ್ನು ಬದಲಿಸಬಹುದು; ಆದ್ದರಿಂದ ನನ್ನ ದೃಷ್ಟಿಯಲ್ಲಿ ದೋಷ ಸ್ಥಿತಿಗಳ ಅತ್ಯಂತ ಸುಂದರ ಪ್ರಯೋಗ ಇದು. ಆದರೆ ಅಲ್ಲಿ ಪ್ಲಾಸ್ಮಾನಿನ ತರಂಗದೂರ ಅದೇ ಆವೃತ್ತಿಯ ಬೆಳಕಿನದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು, ಎಲೆಕ್ಟ್ರಾನ್ ಪದರವೋ ದಪ್ಪವೇ ಇಲ್ಲವೆನ್ನುವಷ್ಟು ತೆಳು. ಮೀಪ್‌ನ ಜಾಲಕದಲ್ಲಿ ಇವೆರಡನ್ನೂ ಒಟ್ಟಿಗೆ ಹಿಡಿಸುವುದು ಶ್ರಮದ ಅಪವ್ಯಯ. ಪದರದ ಪ್ರತಿಯೊಂದು ತುಂಡನ್ನೂ ಪ್ರಸರಣ ತಂತಿಯೆಂದು ಭಾವಿಸಿ ಮ್ಯಾಟ್ರಿಕ್ಸುಗಳನ್ನು ಗುಣಿಸುವ ಐಝಿನ್ ಮತ್ತು ಡಯರ್ ಅವರ ವಿಧಾನದಲ್ಲಿ ಅದೇ ಉತ್ತರ ಒಂದು ಪುಟದ ಪೈತಾನ್ ಕಡತದಲ್ಲಿ ಸಿಗುತ್ತದೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಕ್ಷಣಗಳಲ್ಲಿ ಮುಗಿಯುತ್ತದೆ.

ಕೈಪಿಡಿಯ ಗುಣಮಟ್ಟ ಒಟ್ಟಾರೆ ಉತ್ತಮವಾಗಿದೆ. ಲೋಹಗಳ ಕುರಿತ ಭಾಗ ಮಾತ್ರ ಹಲವು ಪುಟಗಳಲ್ಲಿ ಚದುರಿಹೋಗಿದ್ದು, ನಯಗೊಳಿಕೆಯ ಮಿತಿ, ಅಸ್ಥಿರತೆಯ ಷರತ್ತು, ಹಿಮ್ಮುಖ ಅಲೆಗಳ ತೊಡಕು ಇವೆಲ್ಲವನ್ನೂ ಒಂದೇ ಕಡೆ ಓದುವ ಅನುಕೂಲವಿಲ್ಲ. ಪ್ಲಾಸ್ಮಾನಿಕ್ ಸ್ಫಟಿಕದ ದೋಷವನ್ನೇ ಉದಾಹರಣೆಯಾಗಿಟ್ಟುಕೊಂಡ ಒಂದು ಪಾಠ ಅದರಲ್ಲಿ ಇದ್ದಿದ್ದರೆ ಎಷ್ಟೋ ವಿದ್ಯಾರ್ಥಿಗಳ ತಿಂಗಳುಗಳು ಉಳಿಯುತ್ತಿದ್ದವು. ಹೊಸದಾಗಿ ಆರಂಭಿಸುವವರು ಕೈಪಿಡಿಯಲ್ಲಿರುವ ರಂಧ್ರಗಳ ಸಾಲಿನ ಡೈಎಲೆಕ್ಟ್ರಿಕ್ ಅಲೆಮಾರ್ಗದ ಪಾಠದಿಂದ ಹೊರಡಬೇಕು. ಅದರಲ್ಲಿ ದೋಷದ ಎರಡೂ ಬದಿಗೆ ಮೂರು ಮೂರು ರಂಧ್ರಗಳಿದ್ದು, ಹಾರ್ಮಿನ್ವ್ ಸುಮಾರು 0.234ರ ಆವೃತ್ತಿಯನ್ನೂ ಸುಮಾರು 372ರ ಕ್ಯೂವನ್ನೂ ಕೊಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಇವೇ ಅಂಕಿಗಳು ಬಂದ ಮೇಲೆ ರಂಧ್ರಗಳ ಜಾಗದಲ್ಲಿ ಬೆಳ್ಳಿಯ ಮೇಲ್ಮೈಯನ್ನೂ ತೋಡುಗಳನ್ನೂ ಬರೆಯಿರಿ, ಮೊದಲು ಕ್ಷಯಾಂಕವನ್ನು ಸೊನ್ನೆಯಾಗಿಯೇ ಇಟ್ಟು ಸ್ಥಿತಿಯನ್ನು ಹುಡುಕಿ, ಸಿಕ್ಕ ಮೇಲೆ ನಿಜವಾದ ಮೌಲ್ಯವನ್ನು ಹಾಕಿ, ಕೊನೆಗೆ ಜಾಲಕವನ್ನು ಎರಡು ಸಲ ಅರ್ಧಕ್ಕಿಳಿಸಿ ನೋಡಿ.